ಕಟ್ಟೆಯ ಎಡಕ್ಕಿಟ್ಟ ಪಾತ್ರೆಗಳು

ನರೋಣಾ, ಶ್ರಾವಣ ಮಾಸ, ೧೯೩೯

ಬಾಳಮ್ಮಕ್ಕ,

ಜೇವರ್ಗಿಯಲ್ಲಿರುವ ನಿನ್ನ ಕಾಲನ್ನು ಇಲ್ಲಿಂದಲೇ ಮುಟ್ಟಿ, ನಿನ್ನ ನೆಗೆಣ್ಣಿ ನಿಂಬೆವ್ವ ಬರೆಯುತ್ತಿದ್ದೇನೆ. ನಿನಗೆ ಓದು ಬಾರದು. ನಿನ್ನ ತವರಿನ ಪತ್ರಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಕೆಟ್ಟ ಸುದ್ದಿಯಿದ್ದರೆ ಒಂದೆರಡು ಸಾಲು ನುಂಗಿಬಿಡುತ್ತಿದ್ದೆ ಕೂಡ. ಇದನ್ನು ಅಲ್ಲಿ ಯಾರು ಓದುತ್ತಾರೋ ಗೊತ್ತಿಲ್ಲ. ಯಾರೇ ಆಗಲಿ, ಒಂದು ಸಾಲನ್ನೂ ನುಂಗಬೇಡ ಎಂದು ಹೇಳು. ನಿನ್ನ ಯಜಮಾನರು ಧರ್ಮಣ್ಣ ಭಾವನವರೂ ಕೂತು ಕೇಳಲಿ.

ನಾನು ಈ ಮನೆಗೆ ಕಿರಿಸೊಸೆಯಾಗಿ ಬಂದ ಮೂರನೆಯ ದಿನ ನಿನಗೆ ನೆನಪಿದೆಯೇ? ಒಲೆಯ ಪಕ್ಕದ ಕಟ್ಟೆಯ ಮೇಲೆ ಎಲ್ಲವೂ ಬಲಕ್ಕಿದ್ದವು. ನೀರಿನ ತಂಬಿಗೆ, ಹಿಟ್ಟಿನ ಡಬ್ಬಿ, ರೊಟ್ಟಿ ಬಡಿಯುವ ಪರಾತ, ಉಪ್ಪಿನ ಗಡಿಗೆ, ಇಕ್ಕಳ. ನನಗೋ ಎಡಗೈ ರೂಢಿ. ತವರಿನಲ್ಲಿ ಹೊಡೆದರೂ ಬಡಿದರೂ ಬಿಟ್ಟಿರಲಿಲ್ಲ, ಕಳಿಸುವಾಗ ಅವ್ವ ಮುಚ್ಚಿಡು ಎಂದಿದ್ದಳು. ಬಲಗೈಲಿ ಬಡಿದ ಮೊದಲ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು, ತಂಬಿಗೆ ಉರುಳಿ ಒಲೆಯೇ ಆರಿತು. ನೀನು ಬೈಯಲಿಲ್ಲ. ನನ್ನ ಕೈ ನೋಡಿದೆ, ಎದ್ದು ಬಾಗಿಲು ಹಾಕಿದೆ, ಒಂದೊಂದೇ ಪಾತ್ರೆ ಎತ್ತಿ ಎಡಕ್ಕಿಟ್ಟೆ.

"ನೀ ಒಲಿ ಮುಂದ ಕೂಡು ನಿಂಬಿ, ನಾ ಹೊರಗ ಬಡಸ್ತೇನಿ. ಅತ್ತಿ ಮೊಣಕಾಲ್ ಬ್ಯಾನಿಗೆ ಒಳಗ ಬರಂಗಿಲ್ಲ."

ಐದು ವರ್ಷ ಹಾಗೇ ನಡೆಯಿತು. ನಿನಗೆ ಮಾತ್ರ ಆ ಕಟ್ಟೆ ತಿರುಗಾಮುರುಗಾ ಆಗಿತ್ತು. ಉಪ್ಪು ಹುಡುಕಲು ಹೋಗಿ ಖಾರಕ್ಕೆ ಕೈ ಹಾಕುತ್ತಿದ್ದೆ, ಆಮೇಲೆ ನಿನ್ನಷ್ಟಕ್ಕೆ ನೀನೇ ನಗುತ್ತಿದ್ದೆ.

ಎಳ್ಳಮಾಸಿ ಹಬ್ಬದ ದಿನ ಹೊಲಕ್ಕೆ ಒಯ್ಯುವ ದೊಡ್ಡ ಬೋಗುಣಿ ಹುಡುಕುತ್ತ ಅತ್ತಿ ಒಳಗೆ ಬಂದರು. ನನ್ನ ಕೈಲಿ ಹಿಟ್ಟಿರಲಿಲ್ಲ, ಪುಣ್ಯ. ಆದರೆ ಕಟ್ಟೆಯೇ ಎಲ್ಲ ಹೇಳಿತು.

"ಇದ್ಯಾರ್‌ಬೇ ಹಿಂಗ ಇಟ್ಟಾಕಿ? ಎಡಗೈಲೆ ಬಡದ ರೊಟ್ಟಿ ದೇವ್ರಿಗೆ ಹಿಡೀತಿದ್ರೇನು?"

ನಾನು ನೆಲ ನೋಡಿದೆ. ನೀನು "ನಾನೇರಿ ಅತ್ತಿ" ಎಂದೆ. "ಬಡಸೂದಷ್ಟ ಬಲಗೈರಿ, ಒಲಿ ಮುಂದ ಕೂತ್ರ ಎಡಗೈನೇ ಬರ್ತದ" ಎಂದೂ ಸೇರಿಸಿದೆ. ಅಷ್ಟು ಸಲೀಸಾಗಿ ಸುಳ್ಳಾಡುವುದನ್ನು ಎಲ್ಲಿ ಕಲಿತಿದ್ದೆ ನೀನು? ನಾನು ಬಾಯಿ ಬಿಡಲಿಲ್ಲ ಅಕ್ಕ. ಅಂದೂ ಬಿಡಲಿಲ್ಲ, ಅತ್ತಿ ನಿನ್ನ ಕೈನೀರನ್ನೂ ಒಲ್ಲೆ ಎಂದಾಗಲೂ ಬಿಡಲಿಲ್ಲ. ಯುಗಾದಿ ಮುಗಿದ ಮೇಲೆ ಭಾವನವರು ಬೇರೆಯಾಗಿ ನಿನ್ನನ್ನು ಜೇವರ್ಗಿಯ ತಮ್ಮ ಸೋದರಮಾವನ ಮನೆಗೆ ಕರೆದೊಯ್ದರು. ಬಂಡಿ ಊರ ಅಗಸಿ ದಾಟುವವರೆಗೂ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಹೇಡಿ ನಾನು.

ನೀನು ಹೋದ ಮೇಲೆ ಅತ್ತಿ ತಾವೇ ಗೋಮೂತ್ರ ಚಿಮುಕಿಸಿ ಪಾತ್ರೆಗಳನ್ನೆಲ್ಲ ಬಲಕ್ಕಿಟ್ಟರು. ಅಂದಿನಿಂದ ನನ್ನ ದಿನ ಹೇಗೆ ಶುರುವಾಗುತ್ತಿತ್ತು ಗೊತ್ತೇ? ಬಾಗಿಲು ಹಾಕಿ, ಸಪ್ಪಳವಾಗದಂತೆ ಒಂದೊಂದೇ ಪಾತ್ರೆ ಎಡಕ್ಕೆ. ರೊಟ್ಟಿಯಾದ ಮೇಲೆ ಮತ್ತೆ ಬಲಕ್ಕೆ. ಆಮೇಲೆ ಬಾಗಿಲು ತೆಗೆಯುವುದು. ಹೊರಗೆ ಅತ್ತಿ ಉಂಡು, "ಈಗ ನೋಡು ರೊಟ್ಟಿಗೆ ರುಚಿ ಬಂತು" ಎನ್ನುತ್ತಿದ್ದರು. ನಗು ಬರಬೇಕಾದ ಮಾತು. ಯಾರ ಜೊತೆ ನಗಲಿ? ಆ ಮುಚ್ಚಿದ ಕೋಣೆಯಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಹೊಗೆಯ ನೆಪದಲ್ಲಿ ಎಷ್ಟೋ ಸಲ ಅತ್ತಿದ್ದೇನೆ.

ಹೀಗೇ ಎಷ್ಟು ವರ್ಷ ನಡೆಸುತ್ತಿದ್ದೆನೋ. ಹೋದ ಸೋಮವಾರ ಕಲಾಯಿ ಹಾಕುವ ಹುಸೇನಸಾಬ ಬಂದ. ಅಫಜಲಪುರ, ಜೇವರ್ಗಿ ತಿರುಗಿ ಬಂದಿದ್ದ. ಬೋಗುಣಿಗೆ ತವರ ಸವರುತ್ತ ನಿನ್ನ ಸುದ್ದಿ ತೆಗೆದ.

"ನಿಮ್ಮ ನೆಗೆಣ್ಣಿ ಭಾಳ ತಕ್ಲೀಫ್ ಪಡ್ಲಿಕತ್ತಾರ್ರಿ. ಎಡಗೈಲೆ ರೊಟ್ಟಿ ಬಡೀತಾರ, ಬೆರಳೆಲ್ಲಾ ಸುಟ್ಟಾವ್ರಿ. ಮಾವನ ಹೆಂಡ್ತಿ ಬಾಜೂಕೇ ಕೂತು ನೋಡ್ತಾರಂತ."

ನೀನು ಹೋಗಿ ಆ ಸುಳ್ಳನ್ನು ಮರೆತಿರುತ್ತೀ, ಆರಾಮ ನಿನ್ನ ಬಲಗೈಲಿ ದುಡಿಯುತ್ತಿರುತ್ತೀ ಎಂದುಕೊಂಡಿದ್ದೆ. ಬಲಗೈಲಿ ಬಡಿದರೆ, "ಹಾಗಾದರೆ ಎಡಚಿ ಯಾರು" ಎಂದು ಕೇಳುತ್ತಾರೆ, ಮಾತು ನರೋಣಾಕ್ಕೆ ಬರುತ್ತದೆ ಎಂದು, ಬಾರದ ಕೈಯನ್ನು ಬೆಂಕಿಗೆ ಒಡ್ಡುತ್ತ ಕೂತಿದ್ದೀಯಲ್ಲ ಹುಚ್ಚಿ.

ಮರುದಿನ ಬಾಗಿಲು ತೆರೆದಿಟ್ಟೆ. ಪಾತ್ರೆಗಳನ್ನು ಎಡಕ್ಕಿಟ್ಟೆ. ಅತ್ತಿಯನ್ನು ಕೈಹಿಡಿದು ಕರೆತಂದು ಕೂರಿಸಿ, ಅವರ ಮುಂದೆ ಎಡಗೈಲಿ ನಾಲ್ಕು ರೊಟ್ಟಿ ಬಡಿದೆ. "ಎಡಚಿ ನಾನ್ರೀ. ಅಕ್ಕ ನನ್ನ ಸಲುವಾಗಿ ಸುಳ್ಳಾಡಿದ್ಳು" ಎಂದೆ. ಅವರು ಗೋಡೆ ಹಿಡಿದು ಎದ್ದು ಹೋದರು. ಈಗ ಪಡಸಾಲೆಯಲ್ಲಿ ಬೇರೆ ಒಲೆ ಹೂಡಿ, ಆ ಮೊಣಕಾಲಲ್ಲೇ ತಮ್ಮಷ್ಟು ಬೇಯಿಸಿಕೊಳ್ಳುತ್ತಾರೆ. ನನ್ನ ಯಜಮಾನರು "ಆವಾಗೇ ಹೇಳ್ಬಾರದಿತ್ತೇನು?" ಎಂದವರು ಮತ್ತೆ ಮಾತಾಡಿಲ್ಲ, ತಾಯಿಯ ಒಲೆಯದನ್ನೇ ಉಣ್ಣುತ್ತಾರೆ. ನಾನು ಒಬ್ಬಳಿಗೆ ಎರಡು ರೊಟ್ಟಿ ಬಡಿದುಕೊಳ್ಳುತ್ತೇನೆ. ಒಂದು ಉಳಿಯುತ್ತದೆ.

ನೀನು ತಿರುಗಿ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೆ ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ. ಈ ಪತ್ರ ಓದಿ ಮುಗಿದ ಕೂಡಲೇ ಎದ್ದು ಹೋಗಿ ತಂಬಿಗೆಯನ್ನು ಬಲಕ್ಕಿಟ್ಟುಕೋ. ಅವರೆಲ್ಲ ನೋಡುತ್ತಿರಲಿ, ನಿನ್ನ ಬಲಗೈಲೇ ರೊಟ್ಟಿ ಬಡಿ ಅಕ್ಕ.

ಸುಟ್ಟ ಬೆರಳು ಬೇಗ ಮಾಯಲಿ, ನಿನ್ನ ಕೈಯಡಿಗೆ ಉಂಡವರ ಹೊಟ್ಟೆ ತಣ್ಣಗಿರಲಿ.

ನಿನ್ನ ಎಡಚಿ,
ನಿಂಬೆವ್ವ