ರೇಸಿನ ಹಿಂದಿನ ವಾರ

ಸೊಗಮೊಸೊ, ಭಾನುವಾರ ಸಂಜೆ

ಧರ್ಮಪಿತ ಅನ್ಸೆಲ್ಮೊ ಅವರಿಗೆ,

ನನಗೆ ತರಬೇತಿ ಕೊಟ್ಟಿರೆಂದು ಅಮ್ಮ ನಿಮಗೆ ಪೇರಲೆ ಮಿಠಾಯಿ ಕಳಿಸಿದ್ದಾಳೆ. ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ.

ಹೋದ ವಾರ ಸುಸ್ತಾಗಿದೆ ಎಂದಾಗ ನೀವು, “ಮಲಗಿದ್ರೆ ಕಾಲು ತುಕ್ಕು ಹಿಡಿಯುತ್ತೆ ಮಗಳೇ, ಘಾಟಿ ಹತ್ತು” ಎಂದಿರಿ. ದಿನವೂ ಸೈಕಲ್ಲಿನಲ್ಲಿ ಹತ್ತಿದೆ. ನಿನ್ನೆಯೂ, ಆ ಮಂಜಿನಲ್ಲಿ, ತುದಿಯಲ್ಲಿರುವ ಮಾತೆಯ ಗುಡಿಯವರೆಗೆ. ದೀಕ್ಷಾಸ್ನಾನದ ದಿನ ನನ್ನನ್ನು ಎತ್ತಿಕೊಂಡಿದ್ದವರ ಮಾತು. ಮರುಪ್ರಶ್ನೆ ಹೇಗೆ ಕೇಳಲಿ?

ಇವತ್ತು ರೇಸಿನಲ್ಲಿ ಅದೇ ಘಾಟಿಯ ಮೊದಲ ತಿರುವಿನಲ್ಲೇ ನನ್ನ ಕಾಲುಗಳು ಸೋತವು. ನಿಮ್ಮ ಮಗಳು ನೂಬಿಯಾ ಪಕ್ಕಕ್ಕೆ ಬಂದಳು.

“ಏನಾಯ್ತೇ ಯೊಲಿಮಾ? ನನ್ನ ಹಾಗೆ ನೀನೂ ವಾರವೆಲ್ಲ ಮಲಗಿರ್ಲಿಲ್ವಾ? ಅಪ್ಪ ಸಂತೆಮಾಳದಿಂದಾಚೆಗೆ ಸೈಕಲ್ ತುಳಿಯೋಕೇ ಬಿಡ್ಲಿಲ್ಲ. ರೇಸಿಗೆ ಮುಂಚೆ ದಣಿದ ಕಾಲು ಸತ್ತ ಕಾಲು ಅಂತಾರಲ್ಲ!”

ಪಾಪ, ಅವಳಿಗೆ ಗೊತ್ತಿಲ್ಲ.

ಅವಳ ಸೈಕಲ್ಲಿಗೆ ಹಾಕಿರುವ ಹಿಂದಿನ ಚಕ್ರ ನನ್ನದು, ದಯವಿಟ್ಟು ಕಳಿಸಿಕೊಡಿ. ನಾಳೆಯಿಂದ ತರಬೇತಿಗೆ ಕರೆಯಲು ನಮ್ಮ ಕಿಟಕಿಯ ಕೆಳಗೆ ನಿಂತು ಸೀಟಿ ಊದಬೇಡಿ.

ನೂಬಿಯಾಗೆ ಏನೂ ಹೇಳಬೇಡಿ. ನಾನವಳಿಗೆ, “ಹೂಂ ಕಣೇ, ನಾನೂ ಮಲಗಿದ್ದೆ” ಎಂದಿದ್ದೇನೆ. ನ್ಯಾಯವಾಗಿಯೇ ಗೆದ್ದೆನೆಂದು ನಂಬಿ ಅವಳು ರೇಸಿನ ಕಪ್ಪನ್ನು ತಬ್ಬಿಕೊಂಡು ಅತ್ತಳು. ಅದನ್ನು ನಿಮ್ಮ ನಡುಮನೆಯಲ್ಲೇ ಇಡುತ್ತಾಳೆ. ದಿನಾ ನೀವೇ ಅದರ ಧೂಳು ಒರೆಸಿ.

ಇವತ್ತು ಬೆಳಗಿನವರೆಗೆ ನಿಮ್ಮ ಧರ್ಮಪುತ್ರಿಯಾಗಿದ್ದ,
ಯೊಲಿಮಾ