ಯಾವ ಶ್ರುತಿಗೆ ತರಲಿ?

ಗುರುವಾರ, ಸಂಜೆ

ಪ್ರೀತಿಯ ಗುಂಡಮ್ಮನಿಗೆ,

ಕೆಲಸಕ್ಕೆ ಸೇರಿದ ಮೇಲೆ ಹಾಗೆ ಕರೆಯಬೇಡ ಎಂದಿದ್ದೀಯ. ಕಾಗದದಲ್ಲಿ ಕರೆದರೆ ಯಾರಿಗೆ ಕೇಳಿಸುತ್ತದೆ? ಅಮ್ಮ ಫೋನ್ ಬಿಟ್ಟು ಕಾಗದ ಹಿಡಿದಳಲ್ಲ ಎಂದು ಹುಬ್ಬೇರಿಸಬೇಡ. ತಲೆ ಕೆಟ್ಟುಹೋಗಿದೆ, ಬರೆದರಾದರೂ ಬಿಡಿಸಿಕೊಳ್ಳಬಹುದೇನೋ.

ಮೊನ್ನೆ ನೀನು ಬಂದಾಗ ನನ್ನ ಯುಕುಲೇಲಿಯ, ಆ ಪುಟ್ಟ ಗಿಟಾರಿನ, ತುದಿಗೆ ಶ್ರುತಿ ನೋಡುವ ಪುಟ್ಟ ಯಂತ್ರ ಸಿಕ್ಕಿಸಿ, ಹಸಿರು ದೀಪ ಬರುವವರೆಗೆ ನಾಲ್ಕೂ ಬಿರಡೆ ತಿರುಗಿಸಿದೆ. ಜಿ, ಸಿ, ಇ, ಎ, ನಾಲ್ಕು ತಂತಿಗೂ ಇದೇ ಸರಿ, ನಿನ್ನದು ಪೂರ್ತಿ ಒಂದು ಸ್ವರ ಇಳಿದಿತ್ತು ಎಂದು ಬೈದೆ. ನಮ್ಮ ಶಿಶುವಿಹಾರಕ್ಕೆ ಹೊಸದಾಗಿ ಬಂದ ಟೀಚರಮ್ಮನ ಕೀಬೋರ್ಡಿಗೂ ನನ್ನ ತಂತಿಗೂ ಎಣ್ಣೆ ಸೀಗೆಕಾಯಿ ಆಗಿತ್ತಲ್ಲ, ಅವೆರಡೂ ಈಗ ಒಂದಾದವು. ನನ್ನ ಗಂಟಲು ಮಾತ್ರ ಜೊತೆ ಸೇರಲಿಲ್ಲ.

ಮರುದಿನ ಶಿಶುವಿಹಾರದಲ್ಲಿ ಬೆಳಗಿನ ಹಾಡಿಗೆ ಬಾಯಿ ತೆರೆದರೆ ಎರಡನೆಯ ಸಾಲಿಗೇ ದನಿ ಕೈಕೊಟ್ಟಿತು. ಮುಂದೆ ಕೂರುವ ಪುಟಾಣಿಯೊಬ್ಬಳು ಮಿಸ್ ಗಂಟಲಲ್ಲಿ ಯಾರೋ ಕೂತಿದ್ದಾರೆ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ಮಕ್ಕಳು ಮಲಗಿದಾಗ ತಂತಿಗಳನ್ನು ಮತ್ತೆ ಇಳಿಸಿದೆ.

ನನಗೆ ತಿಳಿಯದ್ದು ಇಷ್ಟು. ನೀನು ಮಗುವಾಗಿದ್ದಾಗ ನನ್ನ ತಂತಿಗಳು ಆ ಹಸಿರು ದೀಪಕ್ಕಿಂತ ಒಂದು ಸ್ವರ ಮೇಲೆಯೇ ಇದ್ದವಂತೆ. ಆಗ ನಾನು ಹಾಡಿದ ಹಳೆಯ ಕ್ಯಾಸೆಟ್ ಕೇಳಿ ನೀನೇ ಹೇಳಿದೆ, ಅದೂ ಒಂದು ಶ್ರುತಿಯೇ ಎಂದೆ. ಹಾಗಾದರೆ ಇಳಿದದ್ದು ಮಾತ್ರ ಹೇಗೆ ತಪ್ಪು? ತಂತಿಗಳ ನಡುವಿನ ಅಂತರ ಸರಿಯಿದ್ದರೆ ಹಾಡು ಕೆಡುವುದಿಲ್ಲ ಎಂದವಳೂ ನೀನೇ. ಶ್ರುತಿ ಇಳಿದರೆ, ಬೆರಳು ಅದೇ ಜಾಗದಲ್ಲಿದ್ದರೂ ಆ ಹಿಡಿತದ, ಅದೇ ಕಾರ್ಡಿನ, ಹೆಸರು ಮಾತ್ರ ಬದಲಾಗುತ್ತದಂತೆ. ಇನ್ನು ವಾದ್ಯ ಹಿಡಿದಾಗ ಗಲ್ಲದ ಕಡೆಗೆ ಬರುವ ತಂತಿ ಎಲ್ಲಕ್ಕಿಂತ ತಗ್ಗಿನದು ಅಂದುಕೊಂಡರೆ, ಅದು ಪಕ್ಕದ ಎರಡಕ್ಕಿಂತ ಮೇಲೆ ಕೂಗುತ್ತದೆ. ವಾದ್ಯಕ್ಕೇ ನೆಟ್ಟಗೆ ಗೊತ್ತಿಲ್ಲ, ನನಗೆಲ್ಲಿಂದ ಗೊತ್ತಾಗಬೇಕು?

ನಾನು ಅಕ್ಷರ ನೋಡಿ ಶ್ರುತಿ ಮಾಡಿದವಳಲ್ಲ. ಹಾಡಿನ ಮೊದಲ ಪದ ಗುನುಗಿ, ಅದು ಹಾಯಾಗಿ ನಿಲ್ಲುವ ಕಡೆಗೆ ಒಂದು ತಂತಿಯನ್ನು ತಂದು, ಉಳಿದವನ್ನು ಅದಕ್ಕೆ ಹೊಂದಿಸುತ್ತಿದ್ದೆ. ಈಗೀಗ ಆ ಪದ ದಿನಕ್ಕೊಂದು ಕಡೆ ನಿಲ್ಲುತ್ತಿದೆ. ಇಳಿಸಿ ಇಳಿಸಿ ತಂತಿ ಜೊರ್ರೆನ್ನುತ್ತಿದೆ. ಯಾವ ಶ್ರುತಿಗೆ ತರಲಿ ಹೇಳು. ಶೀತವಿರಬೇಕು, ಬಿಡು.

ಭಾನುವಾರ ಬಾ. ಯಂತ್ರವನ್ನು ತಾ, ಬೈಗುಳವನ್ನು ಅಲ್ಲೇ ಬಿಟ್ಟು ಬಾ.

ಗೊಂದಲದಲ್ಲಿರುವ
ನಿನ್ನ ಅಮ್ಮ

ತಾ.ಕ.: ಶೀತ ಎಂದದ್ದು ಸುಳ್ಳು. ಗಂಟಲಲ್ಲಿ ಗಡ್ಡೆಯಿದೆ, ಸೋಮವಾರ ತೆಗೆಯುತ್ತಾರೆ. ನೀನು ಬಂದು ಹೋದ ಮೇಲೆ ದನಿ ಇನ್ನೂ ಕೆಟ್ಟಿದೆ, ಫೋನ್ ಮಾಡಿದ್ದರೆ ಅದನ್ನು ಕೇಳಿಯೇ ನಿನಗೆ ತಿಳಿದುಬಿಡುತ್ತಿತ್ತು. ಆಮೇಲೆ ದನಿ ಮರಳುತ್ತದೋ ಇಲ್ಲವೋ, ಡಾಕ್ಟರೂ ಹೇಳುತ್ತಿಲ್ಲ. ಭಯವಾಗುತ್ತಿದೆ ಕಣೇ. ಭಾನುವಾರ ನಾನು ಆ ಮೊದಲ ಪದ ಹಾಡುತ್ತೇನೆ. ತಂತಿಗಳನ್ನು ಅದಕ್ಕೆ ತಂದು, ಯಂತ್ರ ಯಾವ ಅಕ್ಷರ ತೋರಿಸುತ್ತದೆಂದು ನೆನಪಿಟ್ಟುಕೋ. ಮುಂದೆ ಗುನುಗಲು ನನ್ನಿಂದ ಆಗದಿದ್ದರೆ, ನೀನೇ ತಂತಿಗಳನ್ನು ಅಲ್ಲಿಗೆ ತಂದುಕೊಡು. ಹಸಿರು ದೀಪ ಬಾರದಿದ್ದರೂ ಪರವಾಗಿಲ್ಲ.