ಗೋಡೆಯಾಚೆಯ ಮೋಟಾರ್

ಜೂನ್ ೩, ಬೆಳಿಗ್ಗೆ

ಅಂಗಡಿ ತೆಗೆದೆ. ಎರಡು ಪಂಪು ರಿವೈಂಡಿಂಗ್‌ಗೆ ಬಂದಿವೆ. ಬೋಣಿಗೂ ಮುಂಚೆ ಮೂಲೆಮನೆ ಡಾಕ್ಟರು ಬಂದರು, ಅವರ ಗೇಟಿನ ಕೀಲಿ ವಾಪಸ್ ಬೇಕಂತೆ. "ನೆಂಟರು ಬರ್ತಿದ್ದಾರೆ, ಅವರಿಗೆ ಕೊಡೋಣ ಅಂತ." ನೆಂಟರಂತೆ. ಹಲಗೆಯಿಂದ ತೆಗೆದುಕೊಟ್ಟೆ. ಇನ್ನೊಂದು ಮೊಳೆ ಖಾಲಿ.

ಬೀದಿಯವರು ಕೆಲಸಕ್ಕೆ ಹೋಗುವಾಗ ಕೀಲಿಯನ್ನು ನನ್ನ ಹಲಗೆಗೆ ತಗುಲಿಸಿ ಹೋಗುತ್ತಾರೆ. ಯಾರೂ ಇಲ್ಲದ ಮನೆಗೆ ಹೋಗಿ ಪಂಪು ರಿಪೇರಿ ಮಾಡಿ ಬೀಗ ಹಾಕಿಕೊಂಡು ಬರುತ್ತೇನೆ. ಬೋರ್ಡಿಗಿಂತ ದೊಡ್ಡ ಜಾಹೀರಾತು ಆ ಹಲಗೆ. ಈಗ ಬೋಳಾಗುತ್ತಿದೆ. ಸಮನ್ಸು ನನ್ನ ಜೇಬಿನಲ್ಲಿ, ಸುದ್ದಿ ಬೀದಿ ತುಂಬ.

ಆದದ್ದು ಇಷ್ಟು. ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಪಕ್ಕದ ಮನೆಯಲ್ಲಿ ಮೋಟಾರು ನೀರಿಲ್ಲದೆ ಓಡುವ ಸದ್ದು. ಗೇಟಿಗೆ ಬೀಗ. ಸುಟ್ಟು ಹೋಗುತ್ತದಲ್ಲ ಎಂದು ಗೋಡೆ ಹಾರಿದೆ, ಹಿತ್ತಲಿನ ಮೇನ್ ಸ್ವಿಚ್ ಇಳಿಸಿದೆ. ಸದ್ದು ನಿಂತಿತು. ತಿರುಗಿದರೆ ಕಿಟಕಿಯ ಸರಳಿನ ಹಿಂದೆ ಟೀಚರಮ್ಮ— ರಿಟೈರಾದವರು, ಒಂಟಿ, ಗೇಟಿಗೆ ಒಳಗಿನಿಂದಲೇ ಬೀಗ ಹಾಕಿಕೊಳ್ಳುವವರು. ನಮಸ್ಕಾರ ಎಂದೆ. ಬಂದ ದಾರಿಯಲ್ಲೇ ಗೋಡೆ ಹತ್ತಿ ವಾಪಸಾದೆ. ಸಂಜೆ ಸ್ಟೇಷನ್ನಿನಿಂದ ಫೋನು. ಅತಿಕ್ರಮ ಪ್ರವೇಶ.

ಜೂನ್ ೫

ವಕೀಲರ ಆಫೀಸು ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ. ಫ್ಯಾನು ಕಿರುಗುಡುತ್ತಿತ್ತು. ಬುಷ್ ಸವೆದಿದೆ ಎಂದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಇಂಥ ಕೇಸು ಹೆಚ್ಚಾಗಿ ಮೂರು ದಾರೀಲಿ ಮುಗಿಯುತ್ತೆ ಯಜಮಾನ್ರೇ. ತಪ್ಪು ಒಪ್ಕೊಂಡು ದಂಡ ಕಟ್ಟಿ ಊಟದ ಹೊತ್ತಿಗೆ ಮನೆ ಸೇರೋದು. ಇಲ್ಲಾ ವಿಚಾರಣೆ ನಡೆಸೋದು, ವಾಯಿದೆ ಮೇಲೆ ವಾಯಿದೆ, ಚಪ್ಪಲಿ ಸವೆಯುತ್ತೆ. ಇಲ್ಲಾ ಆಯಮ್ಮ ಒಪ್ಪಿದ್ರೆ ರಾಜಿ. ಆಗ ನಿಮ್ಮ ಮೇಲೆ ಏನೂ ಉಳಿಯಲ್ಲ."

"ಮೊದಲನೇದು ಬೇಡ."

"ಯಾಕ್ರೀ? ದಂಡ ನೀವು ಒಂದು ಪಂಪು ಬಿಚ್ಚೋಕೆ ಇಸ್ಕೊಳ್ಳೋದಕ್ಕಿಂತ ಕಮ್ಮಿ."

"ಮನೆಗೆ ನುಗ್ಗಿದವನು ಅಂತ ಕೋರ್ಟೇ ಬರೆದು ಕೊಟ್ಟ ಮೇಲೆ ಯಾರು ಸ್ವಾಮಿ ನಂಗೆ ಕೀಲಿ ಕೊಡ್ತಾರೆ?"

ವಕೀಲರು ತಲೆ ಕೆರೆದುಕೊಂಡರು. "ಹಾಗಾದ್ರೆ ಆಯಮ್ಮನೇ ಗತಿ."

ಜೂನ್ ೯

ಕೋರ್ಟು. ಬೆಂಚಿನ ತುಂಬ ನನ್ನಂಥವರು. ಶಾಲೆಯ ಜಗಲಿಯಲ್ಲಿ ಮಲಗಿದ್ದವನು ತಪ್ಪಾಯಿತು ಎಂದ. ಬುದ್ಧಿ ಹೇಳಿ ಕಳಿಸಿದರು. ಓಣಿ ಯಾರದು ಎಂದು ಜಗಳವಾಡಿದ ಅಣ್ಣತಮ್ಮಂದಿರು ರಾಜಿಯಾಗಿ, ಒಂದೇ ಪೆನ್ನಿನಲ್ಲಿ ಸಹಿ ಹಾಕಿ, ಬಾಗಿಲಲ್ಲಿ ಮತ್ತೆ ಬೈದಾಡಿಕೊಂಡರು.

ಮ್ಯಾಜಿಸ್ಟ್ರೇಟು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಪ್ಪು ಒಪ್ಪುತ್ತೀರಾ ಎಂದರು. ಇಲ್ಲ ಎಂದೆ. ಅಕ್ಕಪಕ್ಕದವರು, ಕೂತು ಮಾತಾಡಿ ನೋಡಿ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಟೀಚರಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ನಂಗೆ ರಾಜಿ ಆಗಬಾರದು ಅಂತೇನಿಲ್ಲ. ಸುಳ್ಳು ಹೇಳೋರ ಜೊತೆ ಆಗಲ್ಲ."

"ಏನು ಸುಳ್ಳಮ್ಮ? ಮೋಟಾರು ಖಾಲಿ ಓಡ್ತಿತ್ತು, ಆಫ್ ಮಾಡಿದೆ."

"ನಮ್ಮನೆ ಮೋಟಾರು ಸುಟ್ಟು ವರ್ಷ ಆಯ್ತು. ನಾನು ನಲ್ಲಿ ನೀರಲ್ಲೇ ಕಾಲ ಹಾಕ್ತಿದೀನಿ. ಈಗ ಹೇಳಿ, ಯಾಕೆ ಬಂದ್ರಿ?"

ಬಾಯಿ ಬಂಡವಾಳದಲ್ಲಿ ಮೇಲೆ ಬಂದವನು ನಾನು. ಮೋಟಾರೇ ಎಂದು ಅದನ್ನೇ ಇನ್ನೊಮ್ಮೆ ಹೇಳಿ ಎದ್ದುಬಂದೆ.

ಮುಂದಿನ ವಾಯಿದೆ ಜುಲೈ ಎರಡು.

ಜೂನ್ ೧೦

ಮನೆಯವಳ ವಿಚಾರಣೆ. ಇದಕ್ಕೆ ವಾಯಿದೆ ಇಲ್ಲ.

"ನಿಜ ಹೇಳಿ, ಅವತ್ತು ಏನು ಕೇಳಿಸ್ತು?"

"ಮೋಟಾರು."

"ನಾನು ಗೊರಕೆ ಹೊಡೆದ್ರೂ ಬೇರಿಂಗ್ ಹೋಗಿದೆ ಅಂತೀರಿ. ಪಾಪ, ಒಂಟಿ ಹೆಂಗಸು, ಹಿತ್ತಲಲ್ಲಿ ಗಂಡಸು. ಅದರ ಮೇಲೆ ನಮಸ್ಕಾರ ಬೇರೆ. ನಾನಾಗಿದ್ರೆ ಬಿಸಿನೀರು ಎರಚ್ತಿದ್ದೆ."

ಇನ್ನೂ ಮೂರು ಮೊಳೆ ಖಾಲಿ. ಒಬ್ಬರೂ ಕಾರಣ ಹೇಳಲಿಲ್ಲ. ಡಾಕ್ಟರೇ ವಾಸಿ, ನೆಂಟರನ್ನಾದರೂ ಹುಟ್ಟಿಸಿದರು.

ಜೂನ್ ೨೧, ಭಾನುವಾರ, ಮಧ್ಯಾಹ್ನ

ಅದೇ ಸದ್ದು. ಸಾಕ್ಷಾತ್ ಅದೇ. ಕಾಲು ತಾನಾಗಿ ಗೋಡೆಯ ಹತ್ತಿರ ಹೋಗಿತ್ತು. ಮನೆಯವಳು ಅಂಗಿ ಹಿಡಿದಳು. "ಹಾರಬೇಡಿ. ನಿಂತು ಪೂರ್ತಿ ಕೇಳಿ."

ಕೇಳಿದೆ. ಸದ್ದು ಏರಿತು, ಕೀಚಿತು, ಕೊನೆಯಲ್ಲಿ ಧಡಧಡ ಎಂದು ಅದುರಿ ನಿಂತಿತು. ಪಂಪು ನಿಲ್ಲುವಾಗ ಹಾಗೆ ಅದುರುವುದಿಲ್ಲ… ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಬಕೆಟ್ ತುಂಬ ಹಿಂಡಿದ ಬಟ್ಟೆ.

ವಾಷಿಂಗ್ ಮೆಷೀನು. ಬೆಲ್ಟು ಸಡಿಲ. ಅವತ್ತು ನಾನು ಮೇನ್ ಇಳಿಸಿದಾಗ ನಿಂತದ್ದು ಅದು.

ನನ್ನ ಅಂಗಡಿಯ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿದೆ: ಸದ್ದು ಕೇಳಿಯೇ ದೋಷ ಹೇಳಲಾಗುವುದು.

ಇನ್ನೊಂದನ್ನೂ ಬರೆಯಬೇಕು. ಹೊರಗೆ ಕಾಲಿಡುವ ಮುಂಚೆ ಟೀಚರಮ್ಮ ಗೋಡೆಯ ಕಡೆ ನೋಡಿದರು. ಆ ತುದಿಯಿಂದ ಈ ತುದಿವರೆಗೆ. ನಾನು ಈಚೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎದ್ದು ನಿಂತರೆ ಮತ್ತೆ ಹೆದರುತ್ತಾರೆ.

ಜೂನ್ ೨೩

ವಕೀಲರಿಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಇದನ್ನ ಕೋರ್ಟಲ್ಲಿ ಹೇಳಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ. ನಿಮ್ಮ ಕಿವಿ ನಂಬಿ ಆಮೇಲೆ ಯಾರು ಬರ್ತಾರೆ? ಯೋಚನೆ ಮಾಡಿ."

ಯೋಚಿಸಿದೆ. ಕಿವಿ ಕೆಟ್ಟಿದೆ ಎಂದರೆ ನಗುತ್ತಾರೆ. ಸುಳ್ಳುಗಾರ ಎಂದರೆ ಬಾಗಿಲು ಹಾಕುತ್ತಾರೆ. ನಗುವವರ ಮನೆಯೊಳಗಾದರೂ ಹೋಗಬಹುದು.

ಜುಲೈ ೨

ಹೇಳಿದೆ. ಎಲ್ಲರ ಎದುರಿಗೆ.

"ಅದು ನಿಮ್ಮ ವಾಷಿಂಗ್ ಮೆಷೀನಮ್ಮ. ನಾನು ಮೋಟಾರು ಅಂದ್ಕೊಂಡೆ. ನನ್ನ ಕಿವೀದೇ ತಪ್ಪು."

ಹಿಂದಿನ ಬೆಂಚಿನಲ್ಲಿ, ತಮಾಷೆ ನೋಡಲು ಬಂದಿದ್ದ ನಮ್ಮ ಬೀದಿಯ ಹೋಟೆಲಿನವನು ಕಿಸಕ್ಕೆಂದ. ಮ್ಯಾಜಿಸ್ಟ್ರೇಟರು ಫೈಲಿನೊಳಗೆ ಮುಖ ತೂರಿಸಿದರು. ಟೀಚರಮ್ಮ ನಗಲಿಲ್ಲ. ನನ್ನನ್ನೇ ನೋಡಿದರು, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೊನೆಗೂ ಕಂಡವರ ಹಾಗೆ.

"ಅದಿರಲಿ. ನನ್ನ ನೋಡಿದ ಮೇಲೆ ಒಂದು ಮಾತು ಹೇಳಿ ಹೋಗೋಕೆ ಆಗಲಿಲ್ವಾ?"

"ನಮಸ್ಕಾರ ಅಂದೆ."

"ಅಂದ್ರಿ. ನಾನು ಇವತ್ತಿಗೂ ಗೋಡೆ ನೋಡದೆ ಬಟ್ಟೆ ಒಣಗಿಸೋಕೆ ಹೋಗಲ್ಲ."

ಸುಟ್ಟುಹೋಗುವ ಮೋಟಾರಿನ ಲೆಕ್ಕ ಹಾಕಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. "ತಪ್ಪಾಯ್ತಮ್ಮ" ಎಂದೆ. ಅದರ ಹಿಂದೆ ಇನ್ನೊಂದು ಮಾತು ಸೇರಿಸಲಿಲ್ಲ. ನನಗೆ ಅದೇ ಕಷ್ಟ.

"ಏನಾದ್ರೂ ಇದ್ರೆ ಗೇಟಿಗೆ ಬನ್ನಿ. ಬೆಲ್ ಒತ್ತಿ. ನಾನು ತೆಗೆಯೋವರೆಗೂ ಕಾಯಿರಿ. ತೆಗೀಲಿಲ್ಲ ಅಂದ್ರೆ ಹೊರಟುಹೋಗಿ, ಏನೇ ಸುಟ್ಟು ಹೋಗಲಿ."

ಒಪ್ಪಿದೆ. ರಾಜಿ ಬರೆದುಕೊಂಡರು. ಇಬ್ಬರ ಸಹಿ. ಕೇಸು ಮುಗಿಯಿತು. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ.

ಜುಲೈ ೪

ಹೋಟೆಲಿನವನು ಅಂಗಡಿ ಮುಂದೆ ನಿಂತು, "ಅಣ್ಣಾ, ನಮ್ಮದು ಪಂಪೋ ಮಿಕ್ಸಿಯೋ, ಸ್ವಲ್ಪ ಬಂದು ಕೇಳಿ ಹೇಳು" ಎಂದ. ನಗಲಿ. ಹೋಗುವಾಗ ಕೀಲಿ ಹಲಗೆಗೆ ಹಾಕಿ ಹೋದ. ಡಾಕ್ಟರ ನೆಂಟರು ಇನ್ನೂ ಹೋದಂತಿಲ್ಲ.

ಪೇಂಟರಿಗೆ ಹೇಳಿ ಬೋರ್ಡಿನ ಕೆಂಪು ಸಾಲು ಅಳಿಸಿದೆ.

ಜುಲೈ ೧೨, ಭಾನುವಾರ, ಮಧ್ಯಾಹ್ನ

ಪಕ್ಕದ ಮನೆಯಲ್ಲಿ ಮೆಷೀನು ಕೀಚುತ್ತಿದೆ. ಬೆಲ್ಟು ಇವತ್ತು ತುಂಡಾಗುತ್ತದೆ. ನನ್ನ ಕಸುಬಲ್ಲ, ಆದರೂ ಕೈ ಕಡಿಯುತ್ತಿದೆ. ಹೋಗುವುದಾದರೆ ಗೇಟು, ಬೆಲ್ಲು, ಕಾಯುವುದು. ಹೋಗದಿದ್ದರೆ ಇನ್ನೂ ವಾಸಿ. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ಫಟ್ ಎಂದಿತು. ಸದ್ದು ನಿಂತಿತು. ಹೇಳಿದ್ದೆನಲ್ಲ.

…ನಮ್ಮ ಬೆಲ್ಲು. ಮನೆಯವಳು ಕಿಟಕಿಯಿಂದ ಇಣುಕಿದಳು. "ಟೀಚರಮ್ಮ. ಒಂದೇ ಸಲ ಒತ್ತಿದ್ರು. ಗೇಟಿನ ಆಚೆನೇ ನಿಂತಿದ್ದಾರೆ."

ಏಳುತ್ತೇನೆ. ಅವರನ್ನು ಕಾಯಿಸಬಾರ—